ಕಣ್ಣುಬಟ್ಟಲಿನ ಮನವಿ

ನಾನು ಬರೆದ ಮನವಿಗಳಲ್ಲೆಲ್ಲ ಅತ್ಯುತ್ತಮವಾದದ್ದನ್ನು ಕಳೆದ ವಾರ ವಾಡಿ ಜಂಕ್ಷನ್ನಿನಲ್ಲಿ ಯಾರೂ ಓದಲಿಲ್ಲ. ಆದರೂ ಅದು ಮಂಜೂರಾಯಿತು.

ಮಾನ್ಯ ಓದುಗರ ಅವಗಾಹನೆಗೆ ತರುವುದೇನೆಂದರೆ, ಚಿತ್ತಾಪುರದ ಕಚೇರಿಯಲ್ಲಿ ಪತ್ರಗಳ ಕರಡು ಬರೆಯುವುದು ನನ್ನ ಕೆಲಸ. ಬೇರೆ ಬರಹದ ಅಭ್ಯಾಸವಿಲ್ಲ. (ಈ ಅಂಕಣಕ್ಕೂ ಕಚೇರಿಯ ವಾಸನೆ ಹತ್ತಿದ್ದರೆ ಮನ್ನಿಸತಕ್ಕದ್ದು.) ಶಹಾಬಾದದ ಕಂಪೌಂಡರ್ ಬಸಣ್ಣ ನನ್ನನ್ನು ಹುಡುಕಿಕೊಂಡು ಬಂದದ್ದು ಇದೇ ಕಾರಣಕ್ಕೆ.

ಅವನು ಹೊಸದೊಂದು ಸಾಧನ ಸಿದ್ಧಪಡಿಸಿದ್ದ. ಕಣ್ಣಿನ ಗುಳಿಗೆ ಸರಿಯಾಗಿ ಕೂರುವ ಗಾಜಿನ ಬಟ್ಟಲು, ಕುದಿಸಿ ಆರಿಸಿದ ಉಪ್ಪುನೀರಿನ ಸೀಸೆ, ಎರಡಕ್ಕೂ ಒಂದು ತಗಡಿನ ಪೆಟ್ಟಿಗೆ. ಕಲ್ಲು ಒಡೆಯುವಾಗ ಚೂರು ಕಣ್ಣಿಗೆ ಸಿಡಿದರೆ ಬಟ್ಟಲಿಗೆ ನೀರು ತುಂಬಿ, ಕಣ್ಣಿಗಿಟ್ಟು ಮಿಟುಕಿಸಬೇಕು. ಈಗ ಏನು ನಡೆಯುತ್ತಿದೆ? ಪಕ್ಕದವನು ಧೋತರದ ಚುಂಗಿನಿಂದ ಒರೆಸುತ್ತಾನೆ, ಇಲ್ಲವೇ ನಾಲಿಗೆಯ ತುದಿಯಿಂದ ತೆಗೆಯುತ್ತಾನೆ. ಬಸಣ್ಣನ ತಮ್ಮ ಮಲ್ಲಣ್ಣನಿಗೂ ಹಾಗೆಯೇ ತೆಗೆದರು. ಕೀವುಗಟ್ಟಿ ಎಡಗಣ್ಣು ಹೋಯಿತು.

ಪೆಟ್ಟಿಗೆಗಳನ್ನು ಕೊಳ್ಳಬೇಕಾದವರು ಅಲ್ಲಿನ ಕಲ್ಲುಖಣಿಗಳ ದೊಡ್ಡ ಗುತ್ತೇದಾರರೊಬ್ಬರು. ಅವರು ಒಲ್ಲೆನೆಂದರೆ ಊರಿನಲ್ಲಿ ಮತ್ತೊಬ್ಬರು ಮುಟ್ಟುವುದಿಲ್ಲ. ಹೈದರಾಬಾದಿಗೆ ಹೊರಟಿದ್ದ ಅವರು, ವಾಡಿಯಲ್ಲಿ ಒಂದು ಚಹಾ ಮುಗಿಯುವವರೆಗೆ ಕೇಳುವುದಾಗಿ ಹೇಳಿ ಕಳುಹಿಸಿದರು.

ನನ್ನ ಕರಡು ನಾಲ್ಕು ಹಾಳೆ ಇತ್ತು. ಒಂದು ಚಹಾಕ್ಕೆ ನಾಲ್ಕು ಹಾಳೆಯೇ?

ಮೊದಲು ಹೊಡೆದುಹಾಕಿದ್ದು ಮೊದಲ ಪರಿಚ್ಛೇದವನ್ನು. ಅದರಲ್ಲಿ ಸದರಿ ಮಲ್ಲಣ್ಣನ ಕಣ್ಣಿನ ಸಂಗತಿ ಇತ್ತು. ಕಣ್ಣು ಹೋದದ್ದು ಇದೇ ಗುತ್ತೇದಾರರ ಖಣಿಯಲ್ಲಾದ್ದರಿಂದ, ಮನವಿಯು ದೂರಿನಂತೆ ಕಾಣುವುದೆಂದು ಬಸಣ್ಣನಿಗೆ ತಿಳಿಸಿದೆ. ಅವನು ತೆಗೀರಿ ಎಂದ. ಆಮೇಲೆ ಉಪ್ಪುನೀರಿನ ಗುಣ, ಗಾಜಿನ ಗುಣ, ಕೊನೆಗೆ ವಂದನೆಗಳೂ ಹೋಗಿ ಅರ್ಧ ಹಾಳೆ ಉಳಿಯಿತು.

ಪ್ಲಾಟ್‌ಫಾರ್ಮಿಗೆ ಮೂವರೂ ಹೋದೆವು. ಪೆಟ್ಟಿಗೆ ಮಲ್ಲಣ್ಣನ ಕೈಯಲ್ಲಿತ್ತು. ನಾನು ಗಂಟಲು ಸರಿಪಡಿಸಿಕೊಂಡು "ಮಾನ್ಯರೇ" ಎನ್ನುವಷ್ಟರಲ್ಲಿ ಗುತ್ತೇದಾರರು ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಂಡರು.

"ಕಾಗದ ಕಿಸೇದಾಗ ಇಡ್ರಿ ಸಾಹೇಬ್ರ. ಬಸಣ್ಣ, ನೀ ಹೇಳು. ಕಣ್ಣ ತೊಳೀಲಿಕ್ಕ ಕೆಲಸ ಎಷ್ಟೊತ್ತು ನಿಂದರತದ?"

ನಮ್ಮ ಅರ್ಧ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

"ಒಂದು ಬೀಡಿ ಸೇದಿ ಮುಗಿಯೋದ್ರಾಗ ಆಳು ತಿರುಗಿ ಕೆಲಸಕ್ಕ ನಿಂತಿರ್ತಾನ್ರಿ ಸಾವ್ಕಾರ್ರ," ಎಂದ ಬಸಣ್ಣ.

"ಹಂಗಾರ ಖಣಿಗೊಂದು ಕೊಡು." ಬಸಿ ಕೆಳಗಿಟ್ಟ ಅವರ ದೃಷ್ಟಿ ಮಲ್ಲಣ್ಣನ ಮೇಲೆ ಬಿತ್ತು. "ಇಂವ ಯಾರು?"

"ನಮ್ಮ ತಮ್ಮ ಅದಾನ್ರಿ. ಪೆಟ್ಟಿಗಿ ಹಿಡಕೊಂಡು ಬಂದಾನ."

ಗಾಡಿ ಬಂತು, ಅವರು ಹತ್ತಿದರು. ಬಸಣ್ಣ ಆ ಸಂತೋಷದಲ್ಲಿ ನಮಗೂ ಚಹಾ ತರಲು ಹೋದ. ಮಲ್ಲಣ್ಣ ನನ್ನ ಕಿಸೆಯ ಕಡೆಗೆ ನೋಡಿದ. ಅವನಿಗೆ ಓದು ಬಾರದು.

"ಸಾಹೇಬ್ರ, ನನ್ನ ಕಣ್ಣಿನ ಮಾತು ಮೊದಲಿಗೇ ಬರದೀನಿ ಅಂದಿದ್ರಿ. ಅದನ್ನ ಯಾವಾಗ ಓದ್ತೀರಿ?"

ದಿನಕ್ಕೆ ಹತ್ತು ಪತ್ರಗಳಿಗೆ ಉತ್ತರ ಬರೆಯುವವನು ನಾನು. ಇದಕ್ಕೆ ಯಾವ ನಮೂನೆಯಲ್ಲಿ ಉತ್ತರ ಕೊಡಬೇಕು?