ಗೊಂಬೆಗೆ ಬೆನ್ನು, ಊರಿಗೆ ಮುಖ

ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ಟೀವಿಯಲ್ಲಿ ಬರುತ್ತಿದ್ದ ಒಂದು ನಗೆಯ ಗೊಂಬೆಯಾಟದ ಬಗ್ಗೆ ನಾನು ಕಂತೆಗಟ್ಟಲೆ ವರದಿ ಬರೆದಿದ್ದೇನೆ. ಅವನ್ನು ಓದಿದ ವಿಜಾಪುರ ಕಚೇರಿಯ ಹಿರಿಯರು ಆ ಗೊಂಬೆಯ ವಿಷಯದಲ್ಲಿ ನನ್ನನ್ನು ದೊಡ್ಡ ಪಂಡಿತನೆಂದೇ ತಿಳಿದಿದ್ದರು. ಆದರೆ ತಿಂಗಳುಗಟ್ಟಲೆ ನಾನು ಆ ಗೊಂಬೆಯ ಮುಖವನ್ನೇ ನೋಡಿರಲಿಲ್ಲ.

ಉಪಗ್ರಹದಿಂದ ಟೀವಿ ಬರುತ್ತದೆಂದು ಸರಕಾರ ನಮ್ಮ ಸೀಮೆಯ ಕೆಲವು ಹಳ್ಳಿಗಳಿಗೆ ಒಂದು ವರ್ಷದ ಕರಾರಿನ ಮೇಲೆ ಒಂದೊಂದು ಪೆಟ್ಟಿಗೆ ಕೊಟ್ಟ ಕಾಲ ಅದು. ಟಿಕೋಟಾ ದಾಟಿದ ಮೇಲೆ ಸಿಗುವ ಹೊನವಾಡಕ್ಕೂ ಒಂದು ಬಂತು. ಶಾಲೆಯ ಕಟ್ಟೆಯ ಮೇಲೆ ಪೆಟ್ಟಿಗೆ, ಅಂಗಳದಲ್ಲಿ ಅಲೆ ಹಿಡಿಯಲು ತಂತಿಜಾಳಿಗೆಯ ದೊಡ್ಡ ಛತ್ರಿ, ಅದರ ಸುತ್ತ ಇಡೀ ಊರು. ಅಲ್ಲೇ ಇದ್ದು ನೋಡುಗರ ಪ್ರತಿಕ್ರಿಯೆ ಬರೆದುಕೊಳ್ಳುವುದು ನನ್ನ ನೌಕರಿ. ಗದಗಿನ ಕಡೆಯಿಂದ ಬಂದ ನನಗೆ ಆ ಊರಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ಚಾವಡಿಯ ಹಿಂದಿನ ಕೋಣೆ, ಒಂದು ಸ್ಟೋವು, ಒಂದು ಟ್ರಂಕು. ಬೆಳಗಿನಿಂದ ಸಂಜೆಯವರೆಗೆ ಮಾತಾಡಲು ಸ್ಟೋವೇ ಗತಿ. ಅದಾದರೂ ಹೊತ್ತಿಸಿದಾಗ ಗೊರಗುಡುತ್ತಿತ್ತು.

ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಫಾರಂ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದೆ. "ಹೆಂಗಿತ್ತರಿ?" ಉತ್ತರ ಎಲ್ಲರದೂ ಒಂದೇ: "ಚಲೋ ಐತ್ರಿ ಸಾಹೇಬ್ರ." ಗೊಬ್ಬರದ ಭಾಷಣ ಚಲೋ, ಕೋಳಿ ಸಾಕಣೆ ಚಲೋ. ಒಂದು ದಿನ ಪರದೆಯ ಮೇಲೆ ಬರೀ ಗೆರೆ ಓಡಿ ಕಾರ್ಯಕ್ರಮವೇ ಬರಲಿಲ್ಲ. ಅದೂ ಚಲೋ ಇತ್ತಂತೆ.

ಇದರ ಗುಟ್ಟು ತಿಳಿದದ್ದು ಅದೇ ಊರಿನ ಒಂದು ಮದುವೆಯೂಟದಲ್ಲಿ. ಬ್ಯಾಳಿಸಾರಿಗೆ ಉಪ್ಪು ಹಾಕಲು ಮರೆತಿದ್ದರು. ನನ್ನ ಸಾಲಿನಲ್ಲಿ ನಿಡೋಣಿಯಿಂದ ಬಂದ ಬೀಗರು ಮೂವತ್ತು ಮಂದಿ ಕುಳಿತಿದ್ದರು. ಒಬ್ಬರೂ ಉಪ್ಪು ಕೇಳಲಿಲ್ಲ. ಯಜಮಾನ ಬಂದು ವಿಚಾರಿಸಿದಾಗ ಮೂವತ್ತು ಬಾಯಿಯಿಂದಲೂ ಬಂದದ್ದು, "ಭಾಳ ಚಲೋ ಆಗೇತ್ರಿ." ಬೀಗರಾಗಿ ಕುಳಿತ ಮೇಲೆ ಬಡಿಸಿದ್ದಕ್ಕೆ ಹೆಸರಿಡಬಾರದು, ಕೊರತೆ ಎತ್ತಬಾರದು. ಆಗ ನನಗೆ ಹೊಳೆಯಿತು. ಟೀವಿ ಎಂದರೆ ಸರಕಾರ ಹಾಕಿಸಿದ ಊಟ. ಸೌಟು ಹಿಡಿದು ನಿಂತವನು ನಾನು. ನನ್ನೆದುರಿಗೆ ಅವರು ಬೀಗರು. ಇವರು ನನಗೆ ಖರೆ ಮಾತು ಎಂದೂ ಹೇಳಲಾರರು ಎಂದು ತಿಳಿದ ದಿನ ನನ್ನ ನೌಕರಿಗಿಂತ ಹೆಚ್ಚಾಗಿ ನನ್ನ ಬಗ್ಗೆಯೇ ನನಗೆ ಕೆಡುಕೆನಿಸಿತು. ಇಷ್ಟು ಮರ್ಯಾದೆಯನ್ನು ಯಾರೂ ತಮ್ಮವರಿಗೆ ಕೊಡುವುದಿಲ್ಲ.

ಹಾಗಾಗಿ ಒಂದು ಉಪಾಯ ಮಾಡಿದೆ. ಬಾಯಿ ಸುಳ್ಳು ಹೇಳಿದರೂ ಮುಖ ಹೇಳಲಿಕ್ಕಿಲ್ಲ ಎಂದು ಖುರ್ಚಿಯನ್ನು ಟೀವಿಯ ಪಕ್ಕಕ್ಕೆ ಹಾಕಿಕೊಂಡು, ಪೆಟ್ಟಿಗೆಗೆ ಬೆನ್ನು ಕೊಟ್ಟು, ಊರಿಗೆ ಮುಖ ಮಾಡಿ ಕುಳಿತೆ. ಡೊಳ್ಳಪ್ಪ ಎಂಬ ಗೊಂಬೆಯ ಆಟ ಶುರುವಾದದ್ದು ಅದೇ ವಾರ.

ರಸ ಎಂಬುದು ನಟನಲ್ಲಿದೆಯೋ ನೋಡುವವನಲ್ಲಿದೆಯೋ ಎಂದು ನಮ್ಮ ಆಲಂಕಾರಿಕರು ಶತಮಾನಗಟ್ಟಲೆ ಜಗ್ಗಾಡಿದ್ದಾರೆ. ಯಾರಾದರೊಬ್ಬರು ಖುರ್ಚಿ ತಿರುಗಿಸಿ ಕುಳಿತಿದ್ದರೆ ಒಂದು ವಾರದಲ್ಲಿ ತೀರ್ಮಾನವಾಗುತ್ತಿತ್ತು. ಡೊಳ್ಳಪ್ಪ ಜಾರಿ ಬಿದ್ದನೆಂದರೆ ಮಕ್ಕಳ ಕತ್ತು ಉದ್ದವಾಗುತ್ತಿತ್ತು. ಹೆಂಡತಿ ಅವನಿಗೆ ಲಟ್ಟಣಿಗೆ ತೋರಿಸಿದಳೆಂದರೆ ಹೆಂಗಸರ ಸೆರಗು ಬಾಯಿಗೆ ಬರುತ್ತಿತ್ತು, ಗಂಡಸರು ಕಳ್ಳಗಣ್ಣಿನಿಂದ ತಮ್ಮ ತಮ್ಮ ಹೆಂಡಿರ ಕಡೆ ನೋಡುತ್ತಿದ್ದರು. ಆಟದಲ್ಲಿ ಊರಗೌಡನ ಗೊಂಬೆ ಬಂದಿತೋ, ಸೊಸೆಯಂದಿರೆಲ್ಲ ಒಮ್ಮೆಲೇ ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಿದ್ದರು. ಹಿರಿಯರು ಹಿರಿಯರೇ, ಕಟ್ಟಿಗೆಯಲ್ಲಿ ಮಾಡಿದರೇನಂತೆ! ಆ ಮುಖಗಳನ್ನೆಲ್ಲ ಕೂಡಿಸಿ ನಾನೂ ಒಬ್ಬ ಡೊಳ್ಳಪ್ಪನನ್ನು ಮಾಡಿಕೊಂಡಿದ್ದೆ. ನನ್ನವನಿಗೆ ಗಿರಿಜಾ ಮೀಸೆ ಇತ್ತು, ನನ್ನ ಸೋದರಮಾವನ ನಡಿಗೆ ಇತ್ತು. ರಾತ್ರಿ ಒಬ್ಬನೇ ರೊಟ್ಟಿ ಮುರಿಯುವಾಗ ಅವನು ಎದುರಿಗೆ ಕುಳಿತಿರುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಆಟ ನಿಂತಿತು. ಡೊಳ್ಳಪ್ಪನಿಗೆ ದನಿ ಕೊಡುತ್ತಿದ್ದವರು ಕೆಲಸ ಬಿಟ್ಟರೆಂದು ಸುದ್ದಿ. ಎರಡು ತಿಂಗಳು ಆ ಹೊತ್ತಿಗೆ ಗೊಬ್ಬರದವರು ಬಂದರು. ಮುಂದಿನ ಸಾಲು ಖಾಲಿಯಾಯಿತು. ಅಲ್ಲಿ ದಿನವೂ ಕಂಬಳಿ ಮಡಚಿ ಹಾಕಿಕೊಂಡು ಕೂಡುತ್ತಿದ್ದವಳು ಗುರುಬಸವ್ವ. ಆಡು ಕಾಯುವ ಮುದುಕಿ, ಕಣ್ಣು ಮಂಜು, ನಾಲಗೆ ಮಾತ್ರ ಚುರುಕು ಎಂದು ಕೇಳಿದ್ದೆ. ಕೇಳಿದ್ದಷ್ಟೇ. ನನ್ನ ಮುಂದೆ ಆ ನಾಲಗೆಯೂ "ಚಲೋ ಐತ್ರಿ ಸಾಹೇಬ್ರ" ಎಂಬುದನ್ನು ದಾಟಿರಲಿಲ್ಲ.

ಕೊನೆಗೆ ಡೊಳ್ಳಪ್ಪ ಮರಳಿ ಬಂದ. ಊರಿಗೆ ಊರೇ ನೆರೆಯಿತು. ಗುರುಬಸವ್ವನ ಕಂಬಳಿ ತನ್ನ ಜಾಗಕ್ಕೆ ಬಂತು. ನಾನು ಎಂದಿನಂತೆ ಬೆನ್ನು ಕೊಟ್ಟು ಕುಳಿತೆ. ಹಿಂದಿನಿಂದ ಹೊಸ ದನಿ ಕೇಳಿತು. ತಿದ್ದಿದ, ತೀಡಿದ, ಸೋಪು ಹಚ್ಚಿ ತೊಳೆದ ದನಿ. ಮುಖಗಳು ನಗಲು ಕಾಯ್ದವು. ಮಕ್ಕಳ ಕತ್ತು ಉದ್ದವಾಗಲಿಲ್ಲ. ಸೆರಗುಗಳು ಹೆಗಲಿನಲ್ಲೇ ಉಳಿದವು. ಫಾರಮಿನಲ್ಲಿ ನಗು ಎಂಬ ಕಡೆ ಮೂರು ಮನೆಗಳಿದ್ದವು: ಜೋರಾಗಿ, ಸಾಧಾರಣ, ಇಲ್ಲ. ವಾರಗಟ್ಟಲೆ ನಾನು 'ಇಲ್ಲ'ಕ್ಕೆ ಗುರುತು ಹಾಕಿದೆ. ಬಾಯಿಮಾತಿನಲ್ಲಿ ಮಾತ್ರ ಎಲ್ಲರದೂ "ಚಲೋ ಐತ್ರಿ." ಮುಂದುವರಿಸಬೇಕೋ ಬೇಡವೋ ಎಂದು ಕಚೇರಿಯವರು ಬೇರೆ ಕೇಳುತ್ತಿದ್ದರು. ಆಗ ನನಗೆ ಬೇಕಾಗಿದ್ದುದು ಒಂದೇ. ಈ ಊರಲ್ಲಿ ಒಬ್ಬರಾದರೂ ನನ್ನೆದುರು ಬಾಯಿಬಿಟ್ಟು 'ಚಲೋ ಇಲ್ಲ' ಅನ್ನಬೇಕು. ವರದಿಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಸಂಜೆ ಆಟ ನಡೆದಿರುವಾಗಲೇ ಗುರುಬಸವ್ವ ಎದ್ದು ಬಂದು ನನ್ನ ಮುಂದೆ ನಿಂತಳು.

"ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ ತಮ್ಮಾ. ನಿನ್ನ ಡೊಳ್ಳಪ್ಪ ಚಲೋ ಇಲ್ಲ."

ಅವಳು 'ಸಾಹೇಬ್ರ' ಬಿಟ್ಟು 'ತಮ್ಮಾ' ಎಂದದ್ದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಮೊದಲಿನಂವ ನಮ್ಮ ಮೈದುನ ಇದ್ದಂಗ ಇದ್ದ. ಮೈಗಳ್ಳ, ತಿಂಡಿಪೋತ. ಹೇಣ್ತಿ ಕಡೆ ಬೈಸ್ಕೊಂಡ್ರ ನಮಗೂ ಸಮಾಧಾನ ಆಗ್ತಿತ್ತು. ಇಂವಾ ಸಾಲಿ ಮಾಸ್ತರ ಆಗಿ ಬಂದಾನ. ಕೈ ತೊಳಿ, ನೀರ ಕಾಸು ಅಂತಾನ. ಇಂಥಾ ಶಾಣ್ಯಾನ್ನ ನೋಡಿ ಯಾರ ನಗ್ತಾರ?" ಉಸಿರು ತೆಗೆದುಕೊಂಡಳು. "ಮತ್ತ ನೀನೂ ಚಲೋ ಇಲ್ಲ. ಇಷ್ಟ ತಿಂಗಳಾತು, ನಮ್ಮ ಬಾಯಾಗಿನ ಹಲ್ಲ ಎಣಿಸ್ಕೋತ ಕುಂತಿ. ಊರೆಲ್ಲಾ ಒಂದ ಕಡೆ ನೋಡಿದ್ರ ನೀ ಒಬ್ಬಾಂವ ಒಂದ ಕಡೆ. ಏಳು, ಖುರ್ಚಿ ತಿರುಗಿಸು!"

ತಿರುಗಿಸಿದೆ. ಡೊಳ್ಳಪ್ಪನನ್ನು ಮೊದಲ ಸಲ ನೋಡಿದೆ. ಮೀಸೆ ಇಲ್ಲವೇ ಇಲ್ಲ! ಬದನೆಕಾಯಿಯಷ್ಟು ತಲೆ, ಎರಡು ಗುಂಡಿಯ ಕಣ್ಣು, ಹೆಸರಿಗೊಂದು ಹೊಟ್ಟೆ. ಅವನು ನನಗೆ ಉಗುರು ಕತ್ತರಿಸುವ ಕ್ರಮ ಹೇಳುತ್ತಿದ್ದ. ಏನೋ ಬೆನ್ನಿಗೆ ತಾಗಿದಂತಾಗಿ ಹಿಂತಿರುಗಿದರೆ ಊರಿನ ಒಂದು ಕಣ್ಣೂ ಟೀವಿಯ ಮೇಲಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತಿ, ತಮ್ಮಾ?" ಎಂದಳು ಗುರುಬಸವ್ವ.

"ಚಲೋ ಇಲ್ಲ ಬಿಡಬೇ ಯವ್ವಾ," ಎಂದೆ.

ಅಂಗಳಕ್ಕೆ ಅಂಗಳವೇ ನಕ್ಕಿತು. ಮಕ್ಕಳ ಕತ್ತು ಉದ್ದವಾಯಿತು, ಸೆರಗು ಬಾಯಿಗೆ ಬಂತು. ನಾನೂ ನಕ್ಕೆ. ಆ ಊರಿಗೆ ಬಂದ ಮೇಲೆ ನಾಲ್ಕು ಜನರ ನಡುವೆ ಕುಳಿತು ನಕ್ಕದ್ದು ಅದೇ ಮೊದಲು.

ಫಾರಮಿನಲ್ಲಿ ಅಂದಿನ ನಗುವಿಗೆ ನಾನು ಸತ್ಯವಾಗಿ 'ಜೋರಾಗಿ' ಎಂದು ಗುರುತು ಹಾಕಿದೆ. ಕಾರಣವನ್ನು ಕೆಳಗೆ ಷರಾ ಬರೆಯುವ ಜಾಗದಲ್ಲಿ ವಿವರವಾಗಿ ಬರೆದೆ. ಷರಾ ಯಾರು ಓದುತ್ತಾರೆ? ಮರಳಿ ಬಂದ ಡೊಳ್ಳಪ್ಪನನ್ನು ಜನ ಕೊನೆಗೂ ಮೆಚ್ಚಿದರೆಂದು ಕಚೇರಿಯವರು ಸಂತೋಷಪಟ್ಟು, ಕರಾರಿನ ವರ್ಷ ಮುಗಿಯುವವರೆಗೂ ಅವನನ್ನು ಮುಂದುವರಿಸಿದರು. ಹೊನವಾಡದವರು ಅಷ್ಟೂ ದಿನ ಉಗುರು ಕತ್ತರಿಸಿಕೊಂಡದ್ದು ನನ್ನಿಂದ. ನಾನು ಮಾತ್ರ ಆ ದಿನಗಳಲ್ಲಿ ಖುರ್ಚಿ ಬಿಟ್ಟು ಗುರುಬಸವ್ವನ ಕಂಬಳಿಯ ತುದಿಗೆ ಕೂಡುತ್ತಿದ್ದೆ.

ವರ್ಷ ಮುಗಿಯಿತು. ಛತ್ರಿ ಬಿಚ್ಚಿದರು, ಪೆಟ್ಟಿಗೆ ಹೋಯಿತು, ನಾನು ವಿಜಾಪುರಕ್ಕೆ ಬಂದೆ. ಈಗ ಸ್ಟೇಷನ್ ರಸ್ತೆಯ ಒಂದು ಖಾನಾವಳಿಯಲ್ಲಿ ನನ್ನ ಊಟ. ಮಾಲಕರು ಒಳ್ಳೆಯವರು. ದಿನವೂ ತಪ್ಪದೆ ನನ್ನ ತಟ್ಟೆಯ ಹತ್ತಿರ ಬಂದು "ಪಲ್ಯಾ ಹೆಂಗ ಆಗೇತ್ರಿ?" ಎಂದು ಕೇಳುತ್ತಾರೆ. ಬದನೆಕಾಯಿ ಪಲ್ಯ. ಉಪ್ಪು ಕಡಿಮೆ. ಎರಡು ವರ್ಷದಿಂದ ಕಡಿಮೆ.

"ಚಲೋ ಐತ್ರಿ," ಎನ್ನುತ್ತೇನೆ. ಚಲೋ ಇಲ್ಲ ಎನ್ನುವಷ್ಟು ಸಲಿಗೆ ಈ ಊರಲ್ಲಿ ನನಗಿನ್ನೂ ಯಾರ ಹತ್ತಿರವೂ ಆಗಿಲ್ಲ.