ಬಿದ್ದು ಪಾಸಾದ ಟ್ಯಾಬು

ನಮ್ಮ ಮಾವನವರಿಗೆ ಸಂಬಳ ಬರುವುದು ಸೂಟ್‌ಕೇಸುಗಳನ್ನು ಕೆಳಗೆ ಬೀಳಿಸುವುದಕ್ಕೆ. ತಮಾಷೆ ಮಾಡುತ್ತಿಲ್ಲ. ಸೂಟ್‌ಕೇಸ್ ಕಾರ್ಖಾನೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಶೆಡ್ಡಿದೆ. ಅದರ ನೆಲ ಒಂದು ಕಡೆ ಸಿಮೆಂಟು, ಒಂದು ಕಡೆ ಟೈಲ್ಸು, ಇನ್ನೊಂದು ಕಡೆ ಬರೀ ಜಲ್ಲಿ. ಹೊಸ ಮಾದರಿ ಬಂದಾಗಲೆಲ್ಲ ಅದರೊಳಗೆ ಹಳೆ ಬಟ್ಟೆ ತುರುಕಿ ಮಾವನವರ ಕೈಗೆ ಕೊಡುತ್ತಾರೆ. ಅವರು ಅದನ್ನು ಎದೆಮಟ್ಟಕ್ಕೆ ಎತ್ತಿ, ಎರಡೂ ಕೈಗಳ ಬೆರಳುಗಳನ್ನು ಒಟ್ಟಿಗೆ ಬಿಚ್ಚುತ್ತಾರೆ. ಧಡಾರ್! ಆಮೇಲೆ ಕುಕ್ಕರಗಾಲಲ್ಲಿ ಕೂತು ಮೂಲೆ, ಚಕ್ರ, ಬೀಗ ಎಲ್ಲ ತಡವಿ ನೋಡಿ, ಸರಿಯಿದ್ದರೆ ಒಂದು ಹಸಿರು ಚೀಟಿ ಅಂಟಿಸುತ್ತಾರೆ. ಅದರ ಮೇಲೆ ‘ಬಿದ್ದಿದೆ, ಪಾಸಾಗಿದೆ’ ಎಂದು ಅಚ್ಚಾಗಿರುತ್ತದೆ. ಮ್ಯಾನೇಜರಿನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು ಧಡಾರ್ ಸಾಹೇಬರು. ನಿಜವಾದ ಹೆಸರು ಅವರಿಗಾದರೂ ನೆನಪಿದೆಯೋ ಇಲ್ಲವೋ.

ನಡುವೆ ಒಂದು ಸಲ ಬೀಳಿಸುವುದಕ್ಕೆಂದೇ ಯಂತ್ರ ತರಿಸಿದ್ದರಂತೆ. ಯಂತ್ರ ಎಷ್ಟು ಗಟ್ಟಿ ಎಂದು ನೋಡಲು ಮಾವ ಮೊದಲ ದಿನವೇ ಅದನ್ನು ಬೀಳಿಸಿದರು. ಯಂತ್ರ ಫೇಲಾಯಿತು, ಮಾವನ ಕೆಲಸ ಉಳಿಯಿತು.

ಈ ಚಾಳಿ ಶೆಡ್ಡಿನಲ್ಲೇ ಉಳಿದಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಅವರ ಮನೆಯ ಗೋಡೆ ಗಡಿಯಾರ, ಕುರ್ಚಿ, ಕನ್ನಡಕದ ಡಬ್ಬಿ, ಎಲ್ಲದಕ್ಕೂ ಹಸಿರು ಚೀಟಿ ಇದೆ. ಬೀಳಿಸಿ ನೋಡದ ಒಂದು ಚಮಚವೂ ಒಳಗೆ ಬರುವ ಹಾಗಿಲ್ಲ. ನಾನು ಹೆಣ್ಣು ನೋಡಲು ಹೋದ ದಿನ ಬಾಗಿಲ ಬಳಿ ಎಡವಿ ಅಂಗಾತ ಬಿದ್ದಿದ್ದೆ. ಅಲ್ಲಿದ್ದವರೆಲ್ಲ ನಗು ತಡೆದುಕೊಳ್ಳಲು ಒದ್ದಾಡುತ್ತಿದ್ದರೆ ಇವರೊಬ್ಬರು ಮಾತ್ರ ಗಂಭೀರವಾಗಿ ನನ್ನ ಮೊಣಕೈ, ಮಂಡಿ ಮುಟ್ಟಿ ನೋಡಿ, “ಹುಡುಗ ಪರವಾಗಿಲ್ಲ” ಎಂದರು. ಸಂಬಂಧ ಕುದುರಿದ್ದು ಹಾಗೆ. ನಮ್ಮ ಮದುವೆಯ ಫೋಟೋ ಒಂದರಲ್ಲಿ ನನ್ನ ಕೋಟಿನ ಬೆನ್ನಿಗೆ ಹಸಿರು ಚೀಟಿ ಅಂಟಿಕೊಂಡಿದೆ. ಬೇಕಾದರೆ ಬಂದು ನೋಡಿ.

ಇಷ್ಟೆಲ್ಲ ನಗುವಿನ ಮಾತಾಯಿತು. ನಗು ಬಾರದ ಮಾತೊಂದಿದೆ. ಮಾವ ತಮ್ಮ ಮೊಮ್ಮಗಳನ್ನು, ಅಂದರೆ ನಮ್ಮ ಪುಟ್ಟಿಯನ್ನು, ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಭಾರದ ವಸ್ತು ಎದೆಮಟ್ಟಕ್ಕೆ ಬಂತೆಂದರೆ ಅವರ ಬೆರಳುಗಳು ಅವರನ್ನು ಕೇಳುವುದಿಲ್ಲ, ತಾವಾಗಿ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ನೀರಿನ ಕ್ಯಾನು, ತರಕಾರಿ ಚೀಲ ಎಲ್ಲವನ್ನೂ ಮಂಡಿಯ ಮಟ್ಟದಲ್ಲೇ ಹಿಡಿದು, ಬಗ್ಗಿಕೊಂಡು ನಡೆಯುತ್ತಾರೆ. ಪುಟ್ಟಿ ಹುಟ್ಟಿದಾಗ ನರ್ಸು ಕೂಸನ್ನು ಮುಂದೆ ಚಾಚಿದರೆ ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿಬಿಟ್ಟರು. ಈಗ ಅವಳಿಗೆ ನಾಲ್ಕು ವರ್ಷ. ದಿನಾ ಸಂಜೆ ತಾತ ಕೆಲಸ ಮುಗಿಸಿ ಮಹಡಿ ಹತ್ತಿ ನಮ್ಮ ಮನೆಗೆ ಬರುತ್ತಾರೆ, ಅವಳು ಓಡಿಹೋಗಿ ಕೈ ಚಾಚಿ “ತಾತ, ಎತ್ಕೋ” ಅನ್ನುತ್ತಾಳೆ, ತಾತನ ಕೈ ಬೆನ್ನ ಹಿಂದೆ ಹೋಗುತ್ತದೆ.

“ನನ್ನನ್ನೂ ಎತ್ಕೊಂಡಿಲ್ಲ ರೀ,” ಎಂದು ನನ್ನ ಹೆಂಡತಿ ಒಮ್ಮೆ ಬಟ್ಟೆ ಮಡಿಸುತ್ತ ಹೇಳಿದ್ದಳು. “ಅಪ್ಪನಿಗೆ ಪ್ರೀತಿ ಇಲ್ಲ ಅಂತಲ್ಲ. ಆದ್ರೆ ನನಗೆ ಅಪ್ಪನ ಭುಜದ ಮೇಲಿಂದ ಊರು ಹೇಗೆ ಕಾಣುತ್ತೆ ಅಂತ ಗೊತ್ತಿಲ್ಲ. ಇವಳಿಗಾದ್ರೂ ಗೊತ್ತಾಗಲಿ ಅಂತಿದ್ದೆ.” ನಾನು ಮಡಿಸಿದ್ದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಹೀಗಿರುವಾಗ ಟ್ಯಾಬಿನ ಪ್ರಸಂಗ ಶುರುವಾಯಿತು. ಪುಟ್ಟಿ ನನ್ನ ಫೋನನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡಿದ್ದಳು. ಅವಳು ಬಣ್ಣ ತುಂಬುವ ಆಟ ಆಡುತ್ತ ನನ್ನ ಮೇಲಧಿಕಾರಿಗೆ ಮೂರು ಆನೆ, ಒಂದು ಮುತ್ತು ಕಳಿಸಿದ ಮೇಲೆ, ಅಗ್ಗದ್ದೊಂದು ಟ್ಯಾಬು ಕೊಡಿಸಿಬಿಡೋಣ ಎಂದು ತೀರ್ಮಾನವಾಯಿತು. ನಾನು ಒಂದು ವಾರ ಅದರ ಹಿಂದೆ ಬಿದ್ದೆ. ಎಂಟು ಇಂಚು ಸಾಕೇ, ಹತ್ತು ಬೇಕೇ? ರ‍್ಯಾಮ್ ಎಷ್ಟಿರಬೇಕು? ಮಕ್ಕಳ ಲಾಕ್ ಇದೆಯೇ? ವಿಮರ್ಶೆಗಳನ್ನು ಓದಿ ಓದಿ ತಲೆ ಕೆಟ್ಟು ಗೊಬ್ಬರವಾಯಿತು. ಒಬ್ಬ ಅದ್ಭುತ ಎಂದಿದ್ದನ್ನೇ ಇನ್ನೊಬ್ಬ ಕಸ ಎಂದಿರುತ್ತಾನೆ, ಮೂರನೆಯವನು ಡಬ್ಬಿ ತುಂಬ ಚೆನ್ನಾಗಿತ್ತು ಎಂದಿರುತ್ತಾನೆ. ಹೆಂಡತಿಯದು ಒಂದೇ ಷರತ್ತು: ಮಗುವಿನ ಕಣ್ಣಿಗೆ ತೊಂದರೆಯಾಗಬಾರದು. ಮಾವನದೂ ಒಂದೇ ಪ್ರಶ್ನೆ.

“ಬಿದ್ರೆ?”

“ರಬ್ಬರ್ ಕವರ್ ಬರುತ್ತೆ ಮಾವ.”

“ಕವರಿನ ಮಾತು ಬಿಡಿ ಅಳಿಯಂದ್ರೇ. ಬಿದ್ರೆ?”

ತಾವೂ ಅಂಗಡಿಗೆ ಬರುತ್ತೇನೆಂದು ಹಟ ಹಿಡಿದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಬರಬೇಕಿತ್ತು.

ಅಂಗಡಿಯಲ್ಲಿ ಎಸಿ ತಣ್ಣಗಿತ್ತು. ಗಾಜಿನ ಮೇಜಿನ ಹಿಂದಿದ್ದ ಹುಡುಗಿ ಬಹಳ ಉತ್ಸಾಹದವಳು. ದಪ್ಪ ರಬ್ಬರಿನ ಕವರು ತೊಟ್ಟ ಹಳದಿ ಟ್ಯಾಬೊಂದನ್ನು ಮಾವನ ಕೈಗೆ ಕೊಟ್ಟು, “ಮಕ್ಕಳಿಗೇ ಅಂತ ಮಾಡಿರೋದು ಸರ್, ಬೀಳಿಸಿದ್ರೂ ಏನೂ ಆಗಲ್ಲ,” ಎಂದಳು. ಪಾಪ, ಇವರೊಬ್ಬರನ್ನು ಬಿಟ್ಟು ಜಗತ್ತಿನಲ್ಲಿ ಯಾರ ಮುಂದೆ ಬೇಕಾದರೂ ಆ ಮಾತು ಆಡಬಹುದಿತ್ತು.

ಮಾವ ಅದನ್ನು ಎದೆಮಟ್ಟಕ್ಕೆ ಎತ್ತಿದರು. ನಾನು “ಮಾವಾ!” ಎಂದು ಕೂಗುವಷ್ಟರಲ್ಲಿ ಧಡಾರ್. ಇಯರ್‌ಫೋನು ಕೊಳ್ಳಲು ಬಂದಿದ್ದವರೊಬ್ಬರು ತಮ್ಮದೇ ಏನೋ ಬಿತ್ತೆಂದು ಜೇಬು ತಡಕಿಕೊಂಡರು. ಮಾವ ಕುಕ್ಕರಗಾಲಲ್ಲಿ ಕೂತು, ಟ್ಯಾಬನ್ನು ತಿರುಗಿಸಿ, ಮೂಲೆ ಮೂಲೆ ತಡವಿ ನೋಡಿದರು. ಕವರಿಗೆ ಏನೂ ಆಗಿರಲಿಲ್ಲ. ಗಾಜಿನ ಮೇಲೆ ಮಾತ್ರ ಜೇಡರಬಲೆ ಮೂಡಿತ್ತು.

“ಫೇಲು,” ಎಂದರು, ಯಾವ ಬೇಸರವೂ ಇಲ್ಲದೆ. “ಮುಂದಿನದು ತೋರಿಸಮ್ಮ.”

ಹುಡುಗಿಗೆ ಅಳು ಬರುವಂತಿತ್ತು. ಒಳಗಿನಿಂದ ಮಾಲೀಕರು ಓಡಿಬಂದರು. “ಏನ್ರೀ ಇದು, ನಿಮ್ಮ ತಲೆ ನೆಟ್ಟಗಿದೆಯಾ?”

“ಏನೂ ಆಗಲ್ಲ ಅಂದ್ಳಲ್ಲ ಈ ಹುಡುಗಿ? ನಾನು ನೋಡಿದೆ. ಆಯ್ತು. ಮಗು ಕೈಗೆ ಹೋಗಿ ಆಗೋದಕ್ಕಿಂತ ಇಲ್ಲೇ ಆಗಿದ್ದು ಒಳ್ಳೇದಲ್ವಾ?”

“ಅಲ್ಲ ಸ್ವಾಮಿ, ಬೀಳಿಸಬೇಡ ಅಂತ ಮಗುಗೆ ಹೇಳ್ಕೊಡಿ!”

“ನಿಮ್ಮನೇಲಿ ಮಕ್ಕಳಿದ್ದಾವಾ?” ಎಂದು ಮಾವ ಕನಿಕರದಿಂದ ಕೇಳಿದರು.

ಮಾಲೀಕರು ಬಿಲ್ ಪುಸ್ತಕ ಎಳೆದುಕೊಂಡರು. ಮಕ್ಕಳಿದ್ದವು ಅಂತ ಕಾಣುತ್ತದೆ. ನಾನು ನಾಚಿಕೆಯಿಂದ ಮುದುಡಿಹೋಗಿ, ಒಡೆದಿದ್ದಕ್ಕೆ ದುಡ್ಡು ಕೊಡಲು ಪರ್ಸು ತೆಗೆದೆ. ಆ ಗಡಿಬಿಡಿಯಲ್ಲಿ ಹಿಂದೆ ಎರಡನೇ ಧಡಾರ್ ಕೇಳಿಸಿತು. ಮಾವ ಕಿಟಕಿಯ ಪಕ್ಕ ಅಲಂಕಾರಕ್ಕೆ ನಿಲ್ಲಿಸಿದ್ದ ನೀಲಿ ಟ್ಯಾಬನ್ನು ತಾವೇ ತೆಗೆದುಕೊಂಡು ಬೀಳಿಸಿದ್ದರು. ಅದಕ್ಕೆ ಏನೂ ಆಗಲಿಲ್ಲ. ಮತ್ತೊಮ್ಮೆ ಬೀಳಿಸಿದರು. ಅಂಚಿನ ಮೇಲೆ, ಮೂಲೆಯ ಮೇಲೆ, ಬೋರಲಾಗಿ. ಒಂದು ಗೀರೂ ಇಲ್ಲ. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಹುಟ್ಟಿದಾಗಿನಿಂದ ಹುಡುಕುತ್ತಿದ್ದುದು ಕೊನೆಗೂ ಸಿಕ್ಕಿತು ಅನ್ನುವ ಹಾಗೆ ನಿಂತಿದ್ದರು.

“ಸರ್, ಅದು ಡಮ್ಮಿ ಸರ್,” ಎಂದಳು ಹುಡುಗಿ. “ಬರೀ ಪ್ಲಾಸ್ಟಿಕ್ಕು. ಶೋಗೆ ಇಟ್ಟಿರೋದು. ಒಳಗೆ ಏನೂ ಇಲ್ಲ.”

“ಅದಕ್ಕೇ ನೋಡಮ್ಮ ಏನೂ ಆಗಲಿಲ್ಲ. ಒಡೆಯೋದೆಲ್ಲ ಒಳಗಿರೋದೇ ತಾನೇ?” ಎಂದು ಮಾವ ಜೇಬಿನಿಂದ ಚೀಟಿಗಳ ಸುರುಳಿ ತೆಗೆದು, ಒಂದನ್ನು ಹರಿದು ಅದರ ಬೆನ್ನಿಗೆ ಅಂಟಿಸಿದರು.

“ಮಾವ, ಅದು ಆನ್ ಆಗಲ್ಲ. ಅದರಲ್ಲಿ ಚಿತ್ರ ಬರಲ್ಲ, ಹಾಡು ಬರಲ್ಲ, ಏನೂ ಬರಲ್ಲ,” ಎಂದು ಬಿಡಿಸಿ ಹೇಳಿದೆ.

“ನಿಮ್ಮ ಹೆಂಡ್ತಿ ಏನಂದ್ಳು? ಕಣ್ಣಿಗೆ ತೊಂದ್ರೆ ಆಗಬಾರದು ಅಂದ್ಳು. ಆಗುತ್ತಾ ಇದರಿಂದ?”

ಮಾಲೀಕರು ಕೈಮುಗಿದು, ಆ ನೀಲಿಯದನ್ನು ಪುಕ್ಕಟೆ ಕೊಡುತ್ತೇನೆ, ದಯವಿಟ್ಟು ಇಲ್ಲಿಂದ ಹೊರಡಿ ಎಂದರು. ಹೀಗೆ ಒಂದು ವಾರ ರ‍್ಯಾಮು ಬ್ಯಾಟರಿ ಎಂದು ತಲೆ ಕೆಡಿಸಿಕೊಂಡ ನಾನು ಮನೆಗೆ ತಂದದ್ದು ಎರಡು ಟ್ಯಾಬು. ಒಂದು ಒಡೆದು ಸತ್ತದ್ದು, ಇನ್ನೊಂದು ಹುಟ್ಟದೇ ಇದ್ದದ್ದು.

ಹೆಂಡತಿ ಎರಡನ್ನೂ ನೋಡಿ, ನನ್ನನ್ನೂ ನೋಡಿ, ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಪುಟ್ಟಿಗೆ ಮಾತ್ರ ನೀಲಿಯದು ಬಹಳ ಹಿಡಿಸಿತು. ಅದರ ಮುಖದ ಮೇಲೆ ಅಂಟಿಸಿದ್ದ ಹಿಮದ ಬೆಟ್ಟದ ಚಿತ್ರವನ್ನು ಬೆರಳಿನಿಂದ ಸರಿಸಿದಳು. ಸರಿಯಲಿಲ್ಲ. “ತಾತ, ಹಾಡು ಬರ್ತಿಲ್ಲ,” ಎಂದಳು. ಕೊಡಿಸಿದವರು ತಾವಾದ್ದರಿಂದ ಜವಾಬ್ದಾರಿ ತಮ್ಮದೆಂದು ಮಾವನಿಗೆ ಅನ್ನಿಸಿತೋ ಏನೋ, ಪಕ್ಕದಲ್ಲಿ ಕೂತು ತಾವೇ ಹಾಡಿದರು. ಅವರ ಧ್ವನಿ ತುಕ್ಕು ಹಿಡಿದ ಬಾಗಿಲಿನಂತಿದೆ. ಅವಳು ಬೆಟ್ಟವನ್ನು ಒತ್ತಿದರೆ ಹಾಡು ಶುರು, ಮತ್ತೆ ಒತ್ತಿದರೆ ಬಂದ್. ಒಮ್ಮೆ ಅವಳು ಒತ್ತಿ ನೀರು ಕುಡಿಯಲು ಎದ್ದುಹೋದಳು. ಅವಳು ಬಂದು ಮತ್ತೆ ಒತ್ತುವವರೆಗೂ ಮಾವ ಹಾಡುತ್ತಲೇ ಇದ್ದರು.

ಆಮೇಲೆ ಅವಳು ಅದನ್ನು ತಿರುಗಿಸಿದಳು. “ಈ ಹಸಿರು ಯಾಕೆ ತಾತ?”

“ಅದಾ? ಅದು ಬಿದ್ದಿದೆ, ಏನೂ ಆಗಿಲ್ಲ ಅಂತ ಅರ್ಥ ಪುಟ್ಟಿ. ಈ ಚೀಟಿ ಇದ್ರೆ ಹೆದರಬೇಕಾಗಿಲ್ಲ. ಯಾರು ಬೇಕಾದ್ರೂ ಎತ್ಕೋಬಹುದು.”

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. ಮಕ್ಕಳು ಸುಮ್ಮನಾದಾಗ ನಾವು ಎದ್ದು ನಿಲ್ಲಬೇಕು, ನಾನು ಪೇಪರು ಓದುತ್ತ ಕೂತಿದ್ದೆ. ಅವಳು ಸೋಫಾ ಹತ್ತಿದಳು. ಎರಡೂ ಕೈಗಳನ್ನು ಎದೆಮಟ್ಟಕ್ಕೆ ತಂದು, ತಾತನ ಹಾಗೆಯೇ ಬೆರಳುಗಳನ್ನು ಬಿಚ್ಚಿ, ತಾನೇ ಕೆಳಗೆ ಬಿದ್ದಳು.

ಧಡಾರ್ ಅಲ್ಲ, ಧೊಪ್ ಎಂದಿತು. ಕೆಳಗೆ ದಪ್ಪ ಚಾಪೆಯಿತ್ತು. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿಬಂದಳು. ನಾನು ಪೇಪರು ಬಿಸಾಡಿ ಎದ್ದೆ. ಮಾವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೂವರೂ ಮುಟ್ಟುವ ಮೊದಲೇ ಅವಳು ಎದ್ದು ಕೂತಳು. ತನ್ನ ಮಂಡಿ ತಡವಿಕೊಂಡಳು. ಮೊಣಕೈ ನೋಡಿಕೊಂಡಳು. ತಲೆ ಮುಟ್ಟಿಕೊಂಡಳು. ಆಮೇಲೆ ಟ್ಯಾಬಿನ ಬೆನ್ನಿನ ಚೀಟಿಯನ್ನು ಕಿತ್ತು, ತನ್ನ ಹಣೆಗೆ ಅಂಟಿಸಿಕೊಂಡು, ತಾತನ ಕಡೆ ಕೈ ಚಾಚಿದಳು.

“ನಾನೂ ಬಿದ್ದೆ. ಏನೂ ಆಗಿಲ್ಲ. ಈಗ ಎತ್ಕೋ.”

ಮಾವನ ಕೈಗಳು ಬೆನ್ನ ಹಿಂದೆ ಹೋದವು. ಆದರೆ ಹಣೆಯ ಮೇಲಿನ ಚೀಟಿಯನ್ನು ಅವರು ನೋಡುತ್ತಲೇ ಇದ್ದರು. ಜೀವಮಾನವಿಡೀ ಆ ಚೀಟಿಯ ಮಾತನ್ನು ಮೀರಿದವರಲ್ಲ ಅವರು. ಕೈಗಳು ಮೆಲ್ಲಗೆ ಮುಂದೆ ಬಂದವು. ಅವಳನ್ನು ಮೊದಲು ಮಂಡಿಯವರೆಗೆ ಎತ್ತಿದರು, ಆಮೇಲೆ ಸೊಂಟದವರೆಗೆ. ನಾನು ಕೆಳಗೆ ಎರಡೂ ಕೈ ಒಡ್ಡಿ ಬಾಲು ಹಿಡಿಯುವವನ ಹಾಗೆ ನಿಂತೆ. ಎದೆಮಟ್ಟ ಬಂತು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವಳು ಅವರ ಭುಜದ ಮೇಲಿಂದ ಕಿಟಕಿಯಾಚೆ ನೋಡಿ, “ಅಮ್ಮಾ, ಎದುರು ಮನೆ ಟ್ಯಾಂಕಿನ ಮೇಲೆ ಚೆಂಡಿದೆ!” ಎಂದು ಕೂಗಿದಳು.

ಬಹಳ ಹೊತ್ತಾಯಿತು. ಚೆಂಡು ನೋಡಿ ಮುಗಿಯಿತು. ಅವಳು ಕೆಳಗಿಳಿಯಬೇಕೆಂದು ಕೊಸರಾಡತೊಡಗಿದಳು. ಮಾವ ಅಲುಗಾಡದೆ ನಿಂತೇ ಇದ್ದರು, ಹಣೆಯಲ್ಲಿ ಬೆವರು.

“ಇಳಿಸಪ್ಪ, ಸಾಕು,” ಎಂದಳು ಹೆಂಡತಿ.

“ಹೇಗೆ?” ಎಂದರು ಮಾವ. ಅವರ ಧ್ವನಿಯಲ್ಲಿ ನಿಜವಾದ ಗಾಬರಿಯಿತ್ತು. “ಬೀಳಿಸೋದೊಂದೇ ಗೊತ್ತಿರೋದು ನನಗೆ. ಇಳಿಸೋದು ಹೇಗೆ?”

ಸೂಟ್‌ಕೇಸನ್ನು ಮೆಲ್ಲಗೆ ಇಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೆಂಡತಿ ಸೌಟನ್ನು ನನ್ನ ಕೈಗೆ ತುರುಕಿ, ಹತ್ತಿರ ಹೋಗಿ ಅಪ್ಪನ ಕೈಗಳ ಕೆಳಗೆ ತನ್ನ ಕೈ ಇಟ್ಟಳು. “ಬೆರಳು ಬಿಚ್ಚಬೇಡ ಅಪ್ಪ. ಬಗ್ಗು, ಅಷ್ಟೇ. ಇನ್ನೂ ಬಗ್ಗು.” ಇಬ್ಬರೂ ಜೊತೆಯಾಗಿ ಬಗ್ಗಿದರು. ಪುಟ್ಟಿಯ ಕಾಲು ನೆಲ ಮುಟ್ಟಿತು, ಅವಳು ನನ್ನ ಫೋನು ಹುಡುಕಿಕೊಂಡು ಓಡಿಹೋದಳು.

ಮಾವ ನೆಲವನ್ನೇ ನೋಡುತ್ತ, “ಸದ್ದೇ ಬರಲಿಲ್ಲ,” ಎಂದರು.

“ಚಿಕ್ಕವಳಿದ್ದಾಗ ನಾನೂ ದಿನಾ ಬೀಳ್ತಿದ್ದೆ ಅಪ್ಪ,” ಎಂದಳು ನನ್ನ ಹೆಂಡತಿ. ಅವಳ ಕೈ ಇನ್ನೂ ಅವರ ಕೈಯ ಕೆಳಗೇ ಇತ್ತು.

ಮಾವ ಜೇಬಿನಿಂದ ಸುರುಳಿ ತೆಗೆದು, ಒಂದು ಚೀಟಿ ಹರಿದು, ಮಗಳ ಹಣೆಯ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು. ಅವಳು ಅಳುತ್ತ ನಕ್ಕಳು. “ಈಗ ಎಲ್ಲಿ ಎತ್ತೋಕಾಗುತ್ತೆ ಅಪ್ಪ, ಭಾರ ಇದೀನಿ.”

“ನೋಡೋಣ, ಇರು,” ಎಂದು ಅವರು ಮಂಡಿ ಬಗ್ಗಿಸಿ, ಅವಳನ್ನು ತಬ್ಬಿ, ಹಲ್ಲು ಕಚ್ಚಿ ಎತ್ತಿದರು. ನೆಲದಿಂದ ಒಂದು ಗೇಣು ಮೇಲೆ ಹೋದಳು. ಆಮೇಲೆ ಬಗ್ಗಿ, ಇನ್ನೂ ಬಗ್ಗಿ, ಅವಳನ್ನು ಕೆಳಗೆ ಇಳಿಸಿದರು. ಈ ಸಲವೂ ಸದ್ದು ಬರಲಿಲ್ಲ.