ಬಾಗಳಿಯಲ್ಲಿ ಅಂಗಿ ಬಿಚ್ಚಿದ ದಿನ

1999ರ ಜನವರಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಹಳೆಯ ಗುಡಿಯ ಪಕ್ಕದ ಬಯಲಿನಲ್ಲಿ ಒಂದು ಐತಿಹಾಸಿಕ ಸಿನಿಮಾದ ಚಿತ್ರೀಕರಣ ನಡೆಯಿತು. ರಾಜ ಗುಡಿಗೆ ಭೂಮಿ ದಾನ ಕೊಡುವ ದೃಶ್ಯದಲ್ಲಿ ಊರ ಹಿರಿಯರಾಗಿ ನಿಂತವರು ಕೊಟ್ಟೂರಿನವರು. ಅವರಲ್ಲಿ ನನ್ನ ಅಪ್ಪ ಒಬ್ಬರು. ಅವರ ಮುಂದೆ, ಕ್ಯಾಮೆರಾಕ್ಕೆ ಹತ್ತಿರವಾಗಿ, ನಾನು ನಿಂತಿದ್ದೆ.

ಆಗ ನಾನು ದಾವಣಗೆರೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಸುದ್ದಿಯ ಕೆಲಸದ ಜೊತೆಗೆ ಭಾನುವಾರದ ಪುರವಣಿಗೆ ಸಿನಿಮಾದ ಉಡುಪಿನ ಬಗ್ಗೆ ಬರೆಯುತ್ತಿದ್ದೆ. ರಾಜನ ಸೈನಿಕರು ಪಿ.ಟಿ. ಷೂ ಹಾಕಿಕೊಂಡು ಓಡಿದರೆ, ರಾಣಿಯ ಕುಪ್ಪಸದ ಬೆನ್ನಿಗೆ ಹುಕ್ಕು ಕಂಡರೆ, ಸಾವಿರ ವರ್ಷ ಹಿಂದಿನ ಮಂತ್ರಿ ಟೆರಿಕಾಟ್ ಪಂಚೆ ಉಟ್ಟಿದ್ದರೆ ನಾನು ಬಿಡುತ್ತಿರಲಿಲ್ಲ. ಈ ಹುಚ್ಚು ಹತ್ತಿದ್ದು ಬಾಗಳಿಯಲ್ಲೇ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಬಂದು, ಗುಡಿಯ ಕಲ್ಲಿನ ಹೆಂಗಸರ ನೆರಿಗೆಗಳು ಎಲ್ಲಿ ಶುರುವಾಗಿ ಎಲ್ಲಿ ಸಿಕ್ಕಿಕೊಂಡಿವೆ ಎಂದು ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡಿದ್ದೆ. ಅಪ್ಪನದು ಕೊಟ್ಟೂರಿನ ಪೇಟೆಯಲ್ಲಿ ಬಟ್ಟೆ ಅಂಗಡಿ. ಬಟ್ಟೆ ನೋಡುವ ಕಣ್ಣು ಅಲ್ಲಿಂದ ಬಂದಿರಬೇಕು.

ಅಪ್ಪ ಊರಿನಲ್ಲಿ ಹೆಸರಿದ್ದ ಮನುಷ್ಯ. ಹೆಸರು ವ್ಯಾಪಾರದಿಂದ ಬಂದದ್ದಲ್ಲ. ನಮ್ಮವರ ಮನೆಯ ಹುಡುಗರು ಅಂಗಡಿಗೆ ಬಂದರೆ, ಬಟ್ಟೆ ಅಳೆಯುವ ಮೊದಲು ಬೆರಳು ಮಡಿಸಿ ಅವರ ಎದೆಯ ಮೇಲೆ ಒಮ್ಮೆ ತಟ್ಟುತ್ತಿದ್ದರು. ಅಂಗಿಯ ಒಳಗೆ ಲಿಂಗದ ಕರಡಿಗೆ ಟಕ್ ಎಂದರೆ ಸರಿ. ಎನ್ನದಿದ್ದರೆ, "ಅಂಗಿ ಅರಬಿ ಆಮ್ಯಾಲೆ ಹರೀತೀನಿ. ಮೊದ್ಲು ಮನಿಗೆ ಹೋಗಿ ಲಿಂಗ ಕಟ್ಗೊಂಡು ಬಾ" ಎಂದು ಎಲ್ಲರ ಎದುರಿಗೇ ಕಳಿಸುತ್ತಿದ್ದರು. ನಮ್ಮ ಮನೆತನಗಳಲ್ಲಿ ಮಗುವಿಗೆ ಕಟ್ಟಿದ ಇಷ್ಟಲಿಂಗ ಸಾಯುವ ತನಕ ಮೈ ಬಿಟ್ಟು ಇರುವಂತಿಲ್ಲ. ಕೆಲವರು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೆಲವರು ಬಟ್ಟೆಯಲ್ಲಿ ಸುತ್ತಿ ದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತಾರೆ. ಸ್ನಾನಕ್ಕೂ ತೆಗೆಯುವುದಿಲ್ಲ. ಅಪ್ಪ ತಟ್ಟಿದ್ದಕ್ಕೆ ಯಾರೂ ಬೇಸರಪಟ್ಟುಕೊಂಡದ್ದು ನಾನು ಕಂಡಿಲ್ಲ. ಅಂಗಡಿಗೆ ಬರುವ ಮೊದಲು ಹುಡುಗರು ತಾವೇ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನನ್ನ ಎದೆಯನ್ನು ಅವರು ಎಂದೂ ತಟ್ಟಿರಲಿಲ್ಲ. ಮಗನಲ್ಲವೆ.

ನನ್ನ ಕರಡಿಗೆ ದಾವಣಗೆರೆಯ ಬಾಡಿಗೆ ಕೋಣೆಯ ಟ್ರಂಕಿನಲ್ಲಿ, ಸ್ವೆಟರಿನ ಕೆಳಗೆ ಇತ್ತು. ನಂಬಿಕೆ ಹೋಗಿತ್ತು ಎಂದರೆ ಸುಳ್ಳಾದೀತು. ಅಷ್ಟು ಯೋಚನೆಯನ್ನೇ ನಾನು ಮಾಡಿರಲಿಲ್ಲ. ಎರಡು ವರ್ಷದ ಹಿಂದೆ ದಾರ ಹಳತಾಗಿ ಹರಿಯಿತು. ಹೊಸ ದಾರ ತರಬೇಕು ಎಂದು ತೆಗೆದಿಟ್ಟೆ. ಅವತ್ತು ಚುನಾವಣೆಯ ಸುದ್ದಿ ಇತ್ತು, ಮರುದಿನ ಇನ್ನೇನೋ ಇತ್ತು. ಊರಿಗೆ ಹೋದಾಗ ಬನಿಯನ್ ತೆಗೆಯುತ್ತಿರಲಿಲ್ಲ, ಪೂಜೆಯ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಅವ್ವ ಹೊರಗಿನಿಂದ, "ಮುಗೀತೇನಪ?" ಎಂದರೆ "ಆತವ್ವ" ಎನ್ನುತ್ತಿದ್ದೆ.

ಬಾಗಳಿಗೆ ನಾನು ಹೋದದ್ದು ವರದಿ ಮಾಡಲು. ಸಿನಿಮಾದ ಉಡುಪು ನೋಡಿಕೊಳ್ಳುತ್ತಿದ್ದವರು ಮೈಸೂರಿನ ಕಡೆಯ ಒಬ್ಬ ಹೆಣ್ಣುಮಗಳು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಗುಡಿಯ ಶಿಲ್ಪಗಳ ಫೋಟೊ ಹಿಡಿದುಕೊಂಡು, ರಾಜನಿಂದ ಹಿಡಿದು ಛತ್ರಿ ಹಿಡಿಯುವವನ ತನಕ ಪ್ರತಿಯೊಬ್ಬರನ್ನೂ ಅದಕ್ಕೆ ಹೋಲಿಸಿ ನೋಡುತ್ತಿದ್ದರು. ನನ್ನ ಬರಹಗಳನ್ನು ಓದಿದ್ದರು. "ನೀವು ಬರೀತೀರಲ್ಲ ಸರ್, ಅದಕ್ಕೆ ಹೆದರಿಯೇ ಒಂದು ಸೇಫ್ಟಿ ಪಿನ್ನೂ ಬಿಟ್ಟಿಲ್ಲ" ಎಂದರು. ಇಂಥ ಒಬ್ಬರನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಮರುದಿನದ ದೃಶ್ಯಕ್ಕೆ ವಯಸ್ಸಾದ ಗಂಡಸರು ಬೇಕು, ಸುಗ್ಗಿಯ ಕಾಲವಾದ್ದರಿಂದ ಊರಿನವರು ಹೊಲ ಬಿಟ್ಟು ಬರುತ್ತಿಲ್ಲ ಎಂದರು. ಕೊಟ್ಟೂರಿನಿಂದ ನಾನು ಕರೆಸುತ್ತೇನೆ ಎಂದೆ. ಅಂಗಡಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಟೆಂಪೊದಲ್ಲಿ ಅವರು ಬಂದಿಳಿದರು. ಎಲ್ಲರೂ ಅಪ್ಪನ ವಾರಿಗೆಯವರು, ಪೇಟೆಯ ವ್ಯಾಪಾರಸ್ಥರು. ಮದುವೆಗೆ ಹೊರಟವರಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮಂಡಕ್ಕಿ ಭಟ್ಟಿ ಇಟ್ಟಿದ್ದ ಕಾಕಾ, ಅಪ್ಪನ ಆಪ್ತ ಗೆಳೆಯ, ಇಳಿಯುತ್ತಲೇ, "ರಾಜನ ಪಾರ್ಟು ಖಾಲಿ ಐತೇನು ಕೇಳಲೇ ತಮ್ಮ" ಎಂದರು.

ವೇಷ ತೊಡಿಸಲು ಊರ ಶಾಲೆಯ ಒಂದು ಕೋಣೆ ಕೊಟ್ಟಿದ್ದರು. ಮೇಡಂ ಒಬ್ಬೊಬ್ಬರ ಕೈಗಡಿಯಾರ, ಉಂಗುರ ತೆಗೆಸಿದರು. ಗಡಿಯಾರ ಕಟ್ಟಿದ ಜಾಗದಲ್ಲಿ ಉಳಿದ ಬಿಳಿ ಪಟ್ಟಿಗೆ, ಪಾದದ ಮೇಲೆ ಹವಾಯಿ ಚಪ್ಪಲಿಯ ಗುರುತಿಗೆ, ತೋಳಿನ ಮೇಲಿನ ಚುಚ್ಚುಮದ್ದಿನ ಕಲೆಗೆ ಬಣ್ಣ ಹಚ್ಚಿಸಿದರು. ಕಾಕಾನ ಬಂಗಾರದ ಹಲ್ಲು ಕಂಡು ನಿಂತರು.

"ಏನ್ ತಾಯಿ, ಕೀಳಬೇಕೇನು?"

"ಬೇಡಿ ಸರ್, ಬಾಯಿ ಮುಚ್ಚಿಕೊಂಡಿದ್ದರೆ ಸಾಕು."

"ಹಲ್ಲು ಕೀಳೋದ ಸಸಾರ ನೋಡ್ರಿ ಮೇಡಂ," ಎಂದರು ಅಪ್ಪ. "ಬಾಯಿ ಮುಚ್ಚೋದು ಅವನ ಕೈಲೆ ಆಗಂಗಿಲ್ಲ." ಎಲ್ಲರೂ ನಕ್ಕರು.

ಆಮೇಲೆ ಅಂಗಿ ಬನಿಯನ್ ತೆಗೆಯಲು ಹೇಳಿದರು. ತೆಗೆದರು. ಎಲ್ಲರ ಎದೆಯ ಮೇಲೂ ಲಿಂಗ. ಮೇಡಂ ಫೋಟೊಗಳನ್ನು ಕೆಳಗಿಟ್ಟರು.

"ದಯವಿಟ್ಟು ತಪ್ಪು ತಿಳ್ಕೋಬೇಡಿ. ಈ ಕತೆ ನಡೆಯೋದು ಶರಣರ ಕಾಲಕ್ಕಿಂತ ಮುಂಚೆ. ಆಗ ಜನ ಹೀಗೆ ಕೊರಳಲ್ಲಿ ಲಿಂಗ ಕಟ್ಟಿಕೊಳ್ತಿದ್ದರು ಅನ್ನೋದಕ್ಕೆ ಈ ಗುಡಿಯ ಶಿಲ್ಪದಲ್ಲಿ ಆಧಾರ ಇಲ್ಲ. ಒಂದು ಗಂಟೆ ತೆಗೆದಿಡಿ. ನಾನೇ ಜೋಪಾನ ಮಾಡ್ತೀನಿ."



"ಲಿಂಗ ಅನಾದಿದು ತಾಯಿ," ಎಂದರು ಅಪ್ಪ. ದನಿ ಏರಿರಲಿಲ್ಲ. "ಕಲ್ಲು ಕೆತ್ತಿದಾವ ಬಿಟ್ಟಿದ್ರ ಅದು ಅವನ ತಪ್ಪು."

"ಇವತ್ತು ಇದನ್ನ ತೆಗೀರಿ ಅಂತೀರಿ. ನಾಳೆ ಜನಿವಾರ ಹಾಕ್ಕೊಳ್ರಿ ಅಂದೀರಿ," ಎಂದರು ಕಾಕಾ. ಇನ್ನೊಂದು ದೃಶ್ಯಕ್ಕೆಂದು ತಂದ ಜನಿವಾರದ ಗಂಟು ಮೇಡಂ ಪೆಟ್ಟಿಗೆಯಲ್ಲಿ ಇದ್ದೇ ಇತ್ತು.

ಅವರು ನನ್ನ ಕಡೆ ತಿರುಗಿದರು. "ಸರ್, ನೀವಾದರೂ ಹೇಳಿ. ಇದನ್ನೆಲ್ಲ ಬರೆಯುವವರು ನೀವೇ ಅಲ್ವಾ?" ಮೇಡಂ ಹೇಳಿದ್ದು ಸರಿಯೆಂದು ನನಗೆ ಅನ್ನಿಸಿತ್ತು. ಬಾಗಿಲ ಹತ್ತಿರ ನಿಂತಿದ್ದೆ, ಅಲ್ಲೇ ನಿಂತೆ.

ಅಪ್ಪನಿಗೆ ಆ ಹೆಣ್ಣುಮಗಳ ಮೇಲೆ ಸಿಟ್ಟಿರಲಿಲ್ಲ. ತಿಳಿಸಿ ಹೇಳಬೇಕು ಅನ್ನಿಸಿತ್ತು. "ನೋಡ್ರಿ ತಾಯಿ, ಇದು ಮುದುಕ್ರ ಹಟ ಅಲ್ಲ. ನಮ್ಮ ಮಂದ್ಯಾಗ ಮೈಮ್ಯಾಲೆ ಲಿಂಗ ಇಲ್ದಾವ ಸಿಗಂಗಿಲ್ಲ, ಓದಿದ ಹುಡುಗ್ರು ಸೈತ. ಇಲ್ಲೇ ನಮ್ಮ ಹುಡುಗ ಅದಾನ. ಪೇಪರಿನ್ಯಾಗ ಕೆಲಸ, ಊರೂರು ತಿರಗ್ತಾನ, ಎಲ್ಲ್ಯಾರ ಉಣ್ತಾನ, ಎಲ್ಲ್ಯಾರ ಮಲಗ್ತಾನ. ಏ, ಬಿಚ್ಚಪ ಅಂಗಿ. ತೋರ್ಸು ತಾಯಿಗೆ."

"ನಾನು ಬರಿಯಾಕ ಬಂದೀನಪ್ಪ," ಎಂದೆ.

"ಬಿಚ್ಚಲೇ!" ಎಂದರು ಕಾಕಾ. "ನಾವು ಹೊಟ್ಟಿ ಬಿಟ್ಗೊಂಡು ನಿಂತೀವಿ, ನಿಂಗೇನು ಮದಲಗಿತ್ತಿಗೆ ಬಂದಂಗ ನಾಚಿಕಿ?"

ಹೊರಗೆ ಹೋಗಬಹುದಿತ್ತು. ಹೋದರೂ ತಿಳಿಯುತ್ತಿತ್ತು, ನಿಂತರೂ ತಿಳಿಯುತ್ತಿತ್ತು. ಅಪ್ಪ ನಗುತ್ತಿದ್ದರು. ಗುಂಡಿ ಬಿಚ್ಚಿದೆ, ಅಂಗಿ ತೆಗೆದೆ, ಬನಿಯನ್ ತಲೆಯ ಮೇಲಿಂದ ಎಳೆದೆ. ಬನಿಯನ್ ಮುಖದ ಮೇಲೆ ಇದ್ದಷ್ಟು ಹೊತ್ತು ಏನೂ ಕಾಣಲಿಲ್ಲ. ತೆಗೆದಾಗ ಕಾಕಾ ನೆಲ ನೋಡುತ್ತಿದ್ದರು.

ಅಪ್ಪ ನನ್ನ ಎದೆಯನ್ನು ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ, "ಹೌದಲ್ಲ, ಮರ್ತಿದ್ದೆ ನೋಡ್ರಿ. ದಾರ ಹರೀತಂತ. ಇವತ್ತು ಬೆಳಿಗ್ಗೆ ಹೇಳಿದ್ದ ನಂಗ" ಎಂದರು.

ಅಪ್ಪ ನನ್ನ ಕಿವಿಗೆ ಬೀಳುವಂತೆ ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದ್ದರಿಂದ ಕೆಟ್ಟದಾಗಿ ಹೇಳಿದರು. ಬೆಳಿಗ್ಗೆ ನಾನು ಕೊಟ್ಟೂರಿನಲ್ಲಿ ಇರಲೇ ಇಲ್ಲ, ಟೆಂಪೊ ಇಳಿದ ಮೇಲೆ ನಾವಿಬ್ಬರೇ ಮಾತಾಡಿರಲೂ ಇಲ್ಲ ಎಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಅವರೆಲ್ಲರ ಕೊರಳ ಸುತ್ತ ದಾರ ಕೂತು ಕೂತು ಒಂದು ಬಿಳಿ ಗೆರೆ ಮೂಡಿತ್ತು. ನನ್ನ ಕೊರಳು ಒಂದೇ ಬಣ್ಣ. ಬೆಳಿಗ್ಗೆ ಹರಿದ ದಾರದ ಗುರುತು ಬೆಳಿಗ್ಗೆಯೇ ಅಳಿಯುವುದಿಲ್ಲ.

"ಈಗಿನ ದಾರ ಏನ್ ದಾರ ಬಿಡು," ಎಂದರು ಕಾಕಾ, ನೆಲ ನೋಡುತ್ತಲೇ. "ಎರಡು ತಿಂಗ್ಳು ತಾಳಂಗಿಲ್ಲ." ಇನ್ನೊಬ್ಬರು ಹೌದೆಂದರು. ಅವರ ಮಗನನ್ನು ಅಪ್ಪ ಒಮ್ಮೆ ಅಂಗಡಿಯಿಂದ ವಾಪಸು ಕಳಿಸಿದ್ದರು.

ಮೇಡಂಗೆ ಇದಾವುದೂ ತಿಳಿಯಲಿಲ್ಲ. ತಿಳಿಯಬೇಕಾದ ಕಾರಣವೂ ಇರಲಿಲ್ಲ. ಅವರು ನನ್ನ ಸುತ್ತ ಒಂದು ಸುತ್ತು ಬಂದು, ಸಂತೋಷದಿಂದ, "ಸರ್, ನಿಮ್ಮ ಎದೆ ಮೇಲೆ ಒಂದು ಗುರುತೂ ಇಲ್ಲ! ಮುಂದೆ ನೀವೇ ನಿಲ್ಲಿ, ಹಿರಿಯರು ಉತ್ತರೀಯ ಹೊದ್ದು ಹಿಂದೆ ನಿಲ್ಲಲಿ" ಎಂದರು. ನನ್ನ ತೋಳಿನ ಚುಚ್ಚುಮದ್ದಿನ ಕಲೆಗೆ ತಾವೇ ಬಣ್ಣ ಹಚ್ಚಿದರು.

ಹಾಗೇ ಆಯಿತು. ಹಿರಿಯರು ದಪ್ಪ ನೂಲಿನ ಬಟ್ಟೆಯನ್ನು ಎದೆ ಮುಚ್ಚುವಂತೆ ಹೊದ್ದು, ಜಾರದಂತೆ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ನಿಂತರು. ನಾನು ಮುಂದೆ. ರಾಜನ ಕೈಯಿಂದ ದಾನದ ನೀರು ಸುರಿಯುವುದನ್ನು ನೋಡುತ್ತ ಕೈ ಮುಗಿಯುವುದು ನನ್ನ ಕೆಲಸ. ನೀರು ಒಮ್ಮೆ ಗಾಳಿಗೆ ಹಾರಿತು, ಒಮ್ಮೆ ಬೆಳಕು ಹೋಯಿತು, ಒಮ್ಮೆ ರಾಜ ಸೀನಿದ. ಮತ್ತೆ ಮತ್ತೆ ತೆಗೆದರು. ಅಷ್ಟು ಹೊತ್ತೂ ಅಪ್ಪ ನನ್ನ ಬರಿ ಬೆನ್ನಿನ ಹಿಂದೆ ಒಂದು ಮಾರು ದೂರದಲ್ಲಿದ್ದರು. ಉಸಿರು ಕೇಳುತ್ತಿತ್ತು.

ನಡುವೆ ಬಿಡುವು ಕೊಟ್ಟಾಗ ನಾನು ಹಾಗೇ ನಿಂತಿದ್ದೆ. ಅಪ್ಪ ಶಾಲೆಗೆ ಹೋಗಿ ನನ್ನ ಅಂಗಿ ತಂದರು. ಮುಖ ಬೇರೆ ಕಡೆ ಮಾಡಿ ಕೊಟ್ಟರು. "ಥಂಡಿ ಐತಿ. ಹಾಕ್ಕೊ."

ವಾಪಸು ಟೆಂಪೊದಲ್ಲಿ ನಾನೂ ಹರಪನಹಳ್ಳಿಯ ತನಕ ಹೋದೆ. ಅಪ್ಪ ಡ್ರೈವರನ ಪಕ್ಕ ಕೂತಿದ್ದರು. ಹಿಂದೆ ಉಳಿದವರು ರಾಜನ ಹೊಟ್ಟೆಯ ಬಗ್ಗೆ, ರಾಣಿ ಸ್ಟ್ರಾ ಹಾಕಿ ತಂಪು ಪಾನೀಯ ಕುಡಿದ ಬಗ್ಗೆ ಮಾತಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹರಪನಹಳ್ಳಿಯಲ್ಲಿ ಇಳಿದಾಗ ಕಾಕಾ ಮಾತ್ರ, "ಹುಷಾರಪ" ಎಂದರು.

ಸಂಜೆ ವರದಿ ಕಳಿಸಿದೆ. ಸಾವಿರ ವರ್ಷದ ಹಿಂದಿನ ಉಡುಪನ್ನು ಶಿಲ್ಪ ನೋಡಿ ಹೊಲಿದ ಬಗೆ, ಗಡಿಯಾರದ ಗುರುತಿಗೆ ಬಣ್ಣ ಹಚ್ಚಿದ ಬಗೆ, ಎಲ್ಲ ಇತ್ತು. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ಶಾಲೆಯ ಕೋಣೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅದೇ ವಾರ ದಾರ ತಂದು ಲಿಂಗ ಕಟ್ಟಿಕೊಂಡೆ. ಮುಂದಿನ ಸಲ ಊರಿಗೆ ಹೋದಾಗ ಬಾಗಿಲು ತೆರೆದಿಟ್ಟು ಪೂಜೆಗೆ ಕೂತೆ. ಪಡಸಾಲೆಯಲ್ಲಿದ್ದ ಅಪ್ಪ ಎದ್ದು ಅಂಗಡಿಗೆ ಹೋದರು. ಕಟ್ಟಿಕೊಂಡದ್ದು ಯಾರಿಗೆ ತೋರಿಸಲಿಕ್ಕೆ ಎಂಬುದು ಅವರಿಗೆ ತಿಳಿಯದ್ದೇನಲ್ಲ.

ಅಂಗಡಿಯಲ್ಲಿ ಅವರು ಹುಡುಗರ ಎದೆ ತಟ್ಟುವುದನ್ನು ಬಿಟ್ಟಿದ್ದಾರೆಂದು ಹೇಳಿದ್ದು ಅವ್ವ. ಒಬ್ಬ ಹುಡುಗ ಅಭ್ಯಾಸಬಲದಿಂದ ಎದೆ ಮುಂದೆ ಮಾಡಿ ನಿಂತನಂತೆ. ಅಪ್ಪ ಬಟ್ಟೆ ಹರಿದು ಕೊಟ್ಟು ಕಳಿಸಿದರಂತೆ. ಅಲ್ಲೇ ಕೂತಿದ್ದ ಕಾಕಾ, "ಯಾಕ, ತಟ್ಟೋದು ಬಿಟ್ಟೆಲ್ಲ?" ಎಂದು ಕೇಳಿದ್ದಕ್ಕೆ, "ಬೆರಳು ನೋಯ್ತಾವ" ಎಂದರಂತೆ. ಇದನ್ನು ಹೇಳುವಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ನಿಂಗೇನರ ಗೊತ್ತೈತೇನು?" ಎಂದು ಕೇಳಿದಳು. ಇಲ್ಲ ಎಂದೆ. ಬಾಗಳಿಯಲ್ಲಿ ನಡೆದದ್ದನ್ನು ಅಪ್ಪ ಅವ್ವನಿಗೆ ಹೇಳಿರಲಿಲ್ಲ.

ಪುರವಣಿಗೆ ಉಡುಪಿನ ಬಗ್ಗೆ ಬರೆಯುವುದನ್ನು ನಾನು ನಿಲ್ಲಿಸಿದೆ. ಮತ್ತೊಬ್ಬರ ಮೈಮೇಲಿನ ಹುಕ್ಕು, ಪಿನ್ನು ಎಣಿಸಲು ಕೂತರೆ ಕೈ ಓಡುತ್ತಿರಲಿಲ್ಲ. ಸಂಪಾದಕರು ಕಾರಣ ಕೇಳಿದಾಗ ಸಮಯವಿಲ್ಲ ಎಂದೆ.

ಮರುವರ್ಷ ಸಿನಿಮಾ ಬಂತು, ಉಡುಪಿಗೆ ಹೊಗಳಿಕೆ ಸಿಕ್ಕಿತು, ಸಿನಿಮಾ ಟಾಕೀಸಿನಿಂದ ಬೇಗ ಹೋಯಿತು. ಅಪ್ಪ ನೋಡಲು ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಟಿ.ವಿ.ಯಲ್ಲಿ ಬಂದಾಗ ಮನೆಯಲ್ಲೇ ಕೂತು ಕೊನೆಯ ತನಕ ನೋಡಿದರೆಂದು ಅವ್ವ ಫೋನಿನಲ್ಲಿ ಹೇಳಿದಳು. "ನೀನು ಕಂಡಿ. ಇವರು ಕಾಣಲಿಲ್ಲ, ನಿನ್ನ ಹಿಂದ ಮರೆ ಆಗ್ಯಾರ" ಎಂದಳು. ಅಪ್ಪ ಏನಂದರು ಎಂದು ಕೇಳಿದೆ. "ಧೋತ್ರ ಚಲೋ ಉಡ್ಸ್ಯಾರ ಅಂದ್ರು."

ಬಾಗಳಿಯ ನಂತರ ಅಪ್ಪ ನನ್ನೊಡನೆ ಮಾತು ಬಿಟ್ಟಿಲ್ಲ. ನಾನು ಊರಿಗೆ ಹೋದಾಗ ಎದುರು ಕೂತು ಸುದ್ದಿ ಕೇಳುತ್ತಾರೆ: ಮಳೆ, ಶೇಂಗಾ ದರ, ಸರ್ಕಾರ. ನನ್ನ ಊಟ, ನಿದ್ದೆ, ಕೋಣೆ, ಆರೋಗ್ಯದ ಬಗ್ಗೆ ಕೇಳಬೇಕಾದದ್ದನ್ನು ಅವ್ವನ ಕೈಲಿ ಕೇಳಿಸುತ್ತಾರೆ.

2007ರ ಯುಗಾದಿಗೆ ಕೊಟ್ಟೂರಿಗೆ ಹೋಗಿದ್ದೆ. ಅಪ್ಪ ಪೂಜೆ ಮುಗಿಸಿ ಬಂದು ಎದುರು ಕೂತರು. "ನಮ್ಮೂರಿಗೆ ಪ್ಯಾಸೆಂಜರ್ ರೈಲು ಬಿಡ್ತಾರಂತಲ್ಲ, ಖರೇನು?" ಎಂದು ಕೇಳಿದರು. ಇನ್ನೂ ಆದೇಶ ಬಂದಿಲ್ಲ ಎಂದು ಹೇಳಿದೆ. ಸರಿಯಾಗಿ ಉಣ್ಣುತ್ತೇನೆಯೇ ಎಂದು ಆಮೇಲೆ ಬಂದು ಕೇಳಿದ್ದು ಅವ್ವ.